ಏಳು ಮಂದಿಯ ಗಾದಿ

"ಗಾದಿ ಮ್ಯಾಲೆ ಮೊಣಕಾಲು ಊರಿದ್ರ ಕಾಲು ಮುರೀತೇನಿ, ಸೂಳಿಮಗನ. ಸಾಹೇಬ್ರು ಕುಂಡ್ರೂದೈತಿ ಅದರ ಮ್ಯಾಲೆ."

ಬೈದು ಗೌಡ ಬಸಂತರಾಯ ಕಟ್ಟೆಯ ಮೇಲೆ ಕೂತ. ಪಿಂಜಾರ ಬಂದಗಿಸಾಬ ಬಿಲ್ಲಿನ ತಂತಿ ಬಡಿದು ಅರಳೆ ಹಿಂಜುತ್ತಲೇ ಇದ್ದ. ಆ ಸದ್ದು ಅವನಿಗೆ ಎಡಗಿವಿಯಲ್ಲಿ ಮಾತ್ರ ಕೇಳುತ್ತಿತ್ತು. ಬಲಗಿವಿ ಹೋದ ವರ್ಷದ ಉರುಸಿನಲ್ಲೇ ಹೋಗಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ನಾಲ್ವರು ಜೀಪಿನಲ್ಲಿ ಬಂದು ದರ್ಗಾದ ಅಂಗಳಕ್ಕೆ ಬಾಂಬು ಎಸೆದಿದ್ದರು, ಸಾಬರು ಹೆದರಿಕೊಂಡು ಬಾಳಲಿ ಎಂದು. ಏಳು ಜನ ಸತ್ತರು. ಅವರಲ್ಲಿ ಅವನ ಹೆಂಡತಿ ಬಾನುಬಿಯೂ ಒಬ್ಬಳು. ಜೀಪು ಯಾರದೆಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರಿಗೆ ಮಾತ್ರ ಗೊತ್ತಾಗಲಿಲ್ಲ.

ನಾಳೆಗೆ ವರ್ಷ ತುಂಬುತ್ತದೆ. ಸಿಂದಗಿಯಿಂದ ದೊಡ್ಡ ಸಾಹೇಬರು ಶ್ರದ್ಧಾಂಜಲಿಗೆ ಬರುವವರಿದ್ದರು. ದರ್ಗಾದ ಅಂಗಳದಲ್ಲಿ ಅವರಿಗೊಂದು ವೇದಿಕೆ, ವೇದಿಕೆಗೆ ಎರಡು ಹೊಸ ಗಾದಿ. ಬಾಂಬಿಗೆ ಸಿಕ್ಕು ಬದುಕಿದವರಿಗೆ ಹಿಂದೆ ಗೋಡೆಯ ಪಕ್ಕದ ನೆಲ.

ಬಂದಗಿಸಾಬ ಕೇಳಿದ್ದು ಒಂದೇ. ಏಳೂ ಜನರ ಹೆಸರು ಓದಿಸಬೇಕು.

"ಅಷ್ಟು ಪುರುಸೊತ್ತು ಯಾರಿಗೈತಿ? ಏಳು ಮಂದಿ ಅಂದ್ರ ಸಾಕು," ಎಂದ ಗೌಡ. "ನಿಮ್ಮ ಹೆಸರು ನಾಲಿಗಿ ಮ್ಯಾಲೆ ಹೊರಳೂದೂ ಇಲ್ಲ."

ಬಾನುಬಿ ಇಪ್ಪತ್ತು ವರ್ಷ ಗೌಡನ ಮನೆಯ ಕೌದಿ ಹೊಲಿದವಳು. ಕರೆದು ಬೈಯುವಾಗ ಆ ಹೆಸರು ಸಲೀಸಾಗಿಯೇ ಹೊರಳುತ್ತಿತ್ತು. ಬಂದಗಿಸಾಬನಿಗೆ ಸಿಟ್ಟು ಕೂಡ ಬರಲಿಲ್ಲ. ಸಾಕಾಗಿ ಹೋಗಿತ್ತು.

ಸಂಜೆ ಹಿಂಜಿದ ಅರಳೆಯನ್ನು ಮನೆಗೆ ಹೊತ್ತು ತಂದು, ಎರಡೂ ಗಾದಿಯ ಗವಸಿನ ಬಟ್ಟೆಯನ್ನು ಸಣ್ಣದಾಗಿ ಕತ್ತರಿಸತೊಡಗಿದ. ನೆರೆಮನೆಯ ಶೇವಂತೆವ್ವ ಬಾಗಿಲಲ್ಲಿ ನಿಂತು ನೋಡಿದಳು. ಬಾಂಬು ಬಿದ್ದ ದಿನ ಬೆಂಕಿಯೊಳಗಿಂದ ಬಾನುಬಿಯನ್ನು ಎಳೆದು ತಂದವಳು ಅವಳೇ, ಅಂಗೈಯ ಸುಟ್ಟ ಚರ್ಮ ಇನ್ನೂ ಸೆಟೆದುಕೊಂಡಿತ್ತು. ಯಾಕೆ ಕತ್ತರಿಸುತ್ತೀ ಎಂದು ಕೇಳಿದಳು. ಅವನು ಹೇಳಿದ.

"ಗೌಡ ತೊಗಲು ಸುಲೀತಾನೋ ತಮ್ಮಾ."

"ಸುಲೀಲಿ ಬಿಡಕ್ಕಾ. ಹಳೇ ತೊಗಲೈತಿ."

ಅವಳು ಒಳಗೆ ಬಂದು ಕೂತು, ಸೂಜಿಗೆ ದಾರ ಪೋಣಿಸಿದಳು.

ಮರುದಿನ ಸಾಹೇಬರು ಬಂದಾಗ ವೇದಿಕೆಯ ಮೇಲೆ ಬರೀ ಹಲಗೆಗಳಿದ್ದವು. ಗಾದಿಗಳು ಕೆಳಗಿದ್ದವು. ಏಳು ಸಣ್ಣ ಗಾದಿ, ಎಲ್ಲರಿಗಿಂತ ಮುಂದೆ, ಒಂದೇ ಸಾಲಿನಲ್ಲಿ. ಬಂದಗಿಸಾಬ ಒಂದೊಂದರ ಮೇಲೂ ಮೊಣಕಾಲೂರಿ ಅರಳೆ ಸಮ ಮಾಡುತ್ತಿದ್ದ.

"ಲೇ ಭಾಡ್ಯಾ, ಏನಿದು? ಯಾರು ಕುಂಡ್ರಾವರು ಇಲ್ಲಿ?" ಗೌಡ ಕೈಯೆತ್ತಿಕೊಂಡು ಬಂದ.

ಬಂದಗಿಸಾಬ ಅವನ ಕಡೆ ತಿರುಗಲಿಲ್ಲ. ಮೊದಲ ಗಾದಿಯ ಮೇಲೆ ಕೈಯಾಡಿಸಿದ. "ಬಾನುಬಿ, ಬಾ, ಕುಂಡ್ರು," ಎಂದ. ಎರಡನೆಯದಕ್ಕೆ ಸರಿದ. "ಮೆಹರಾಜ, ಕುಂಡ್ರವಾ." ಮೂರನೆಯದರ ಮೇಲೆ ಕೈಯಿಟ್ಟ.

"ಬಾಬುಲಾಲ, ಕುಂಡ್ರಪಾ," ಎಂದಳು ಶೇವಂತೆವ್ವ ಗೋಡೆಯ ಕಡೆಯಿಂದ. ಅವಳ ಸುತ್ತ ನೆಲದಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಗೌಡನ ಎತ್ತಿದ ಕೈ ಹಾಗೇ ಇತ್ತು. ಸಾಹೇಬರು ಕೂರಲು ಜಾಗವಿಲ್ಲದೆ ನಿಂತೇ ಇದ್ದರು. ಇನ್ನೂ ನಾಲ್ಕು ಹೆಸರುಗಳಿದ್ದವು.