ಒಂದೇ ಒಂದು ‘ಬೇಡ’

ನಮ್ಮೂರಿನ ಶಾಲೆಯ ಬಾಗಿಲು ನನ್ನ ಕಾಫಿ ಅಂಗಡಿಯ ಕಿಟಕಿಗೆ ನೇರ ಎದುರು. ಮತ ಗುಪ್ತವಂತೆ, ಆದರೆ ಹಾಕಲು ಹೋದವರು ಯಾರೆಂದು ಊರಿಗೆಲ್ಲ ಕಾಣುತ್ತದೆ.

ಸರ್ಕಾರ ನಮ್ಮ ಹೆದ್ದಾರಿಯನ್ನು ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿತ್ತು, ಕಂಪನಿ ಗೇಟು ಹಾಕಿ ಸುಂಕ ವಸೂಲಿ ಮಾಡುತ್ತಿತ್ತು. ಸುಂಕ ತಪ್ಪಿಸಲು ಲಾರಿಗಳೆಲ್ಲ ನಮ್ಮ ಓಣಿಗೇ ನುಗ್ಗುತ್ತಿದ್ದವು. ನನ್ನ ಗೋಡೆ ಬಿರುಕು ಬಿಟ್ಟಿತು, ನಾಯಿ ಚಕ್ರಕ್ಕೆ ಸಿಕ್ಕು ಸತ್ತಿತು. ಸುಂಕ ತೆಗೆದುಹಾಕಬೇಕೇ ಎಂದು ಪ್ರಾಂತ್ಯದ ಜನಮತ ಕೇಳಿದಾಗ ಎಲ್ಲರಿಗಿಂತ ಮೊದಲು ಹೋಗಿ ‘ಹೌದು’ ಎಂದು ಹಾಕಿ ಬಂದೆ. ಆದರೆ ಮತದಾರರಲ್ಲಿ ಅರ್ಧದಷ್ಟಾದರೂ ಜನ ಬರದಿದ್ದರೆ ಇಡೀ ಜನಮತವೇ ರದ್ದು. ಹಾಗಾಗಿ ಸುಂಕ ಉಳಿಯಲೆನ್ನುವವರು ‘ಬೇಡ’ ಎಂದು ಹಾಕುವ ಗೋಜಿಗೇ ಹೋಗುವುದಿಲ್ಲ, ಮನೆಯಲ್ಲಿ ಪಾಸ್ತಾ ತಿಂದು ಮಲಗುತ್ತಾರೆ. ಹೋದವನು ಕಂಪನಿಯ ವೈರಿ ಎಂದೇ ಲೆಕ್ಕ.

ಕಂಪನಿಯ ಮೇಲ್ವಿಚಾರಕ ಬಾಲ್ದೂಚಿ ಬೆಳಿಗ್ಗೆಯಿಂದ ನನ್ನ ಕಿಟಕಿಯ ಪಕ್ಕ ಪದಬಂಧ ಬಿಡಿಸುವವನ ಹಾಗೆ ಕೂತಿದ್ದ. ಒಂದು ಪದವನ್ನೂ ತುಂಬಿರಲಿಲ್ಲ, ಕಂಪನಿಯ ಕೆಲಸಗಾರರ ಮನೆಯವರು ಯಾರಾದರೂ ಶಾಲೆಗೆ ಹೋಗುತ್ತಾರಾ ಎಂಬುದರ ಮೇಲೇ ಕಣ್ಣು.

ನಾನು ಹಿತ್ತಿಲಲ್ಲಿ ಬಾಟಲಿ ಜೋಡಿಸುತ್ತಿದ್ದಾಗ ಮುದುಕ ಉಲ್ದೆರೀಕೊ ಬಂದ. ಮದುವೆಯ ಕೋಟು, ಟೈ, ಕೈಯಲ್ಲಿ ಮತದಾರನ ಚೀಟಿ. ಇಪ್ಪತ್ತೊಂದನೇ ವಯಸ್ಸಿನಿಂದ ಒಂದು ಚುನಾವಣೆಯನ್ನೂ ಬಿಟ್ಟವನಲ್ಲ, ಚೀಟಿಯ ತುಂಬ ಠಸ್ಸೆ. ಅವನ ಮಗಳು ಎರ್ಸೀಲಿಯಾ ಸುಂಕದ ಗೇಟಿನಲ್ಲಿ ಕೂರುತ್ತಾಳೆ. ಕೆಲಸ ವರ್ಷವರ್ಷದ ಕರಾರಿನದು, ಈ ಸಲದ ಸಹಿ ಮುಂದಿನ ವಾರ. ಅಪ್ಪ ಮಗಳಿಬ್ಬರ ಅನ್ನ ಅದೇ.

“ಮನೇಲೇ ಇರಪ್ಪ ಅಂದ್ಲು. ಬಿಸಿಲು ಅಂತ ಇರ್ಬೇಕು,” ಎಂದ. “ಎಲ್ವಿಯೋ, ಅವಳ ಗೇಟು ಉಳೀಬೇಕು ಅಂದ್ರೆ ಎಲ್ಲಿ ಗೀಟು ಹಾಕ್ಬೇಕೋ?”

ಮನೆಗೆ ಹೋಗು ಮಾರಾಯ ಎನ್ನಬಹುದಿತ್ತು. ಆದರೆ ಅರ್ಧ ತುಂಬಲು ನನಗೆ ತಲೆಗಳು ಬೇಕಾಗಿದ್ದವು. ‘ಬೇಡ’ ಹಾಕಿದರೂ ಒಂದು ತಲೆ ತಲೆಯೇ.

“‘ಬೇಡ’ ಅನ್ನೋದಕ್ಕೆ ಹಾಕು,” ಎಂದೆ. ಸುಳ್ಳೇನಲ್ಲವಲ್ಲ.

ನಾನು ಒಳಗೆ ಬರುವಷ್ಟರಲ್ಲಿ ಅವನು ಬೀದಿ ದಾಟುತ್ತ, ಕಿಟಕಿಯಲ್ಲಿದ್ದ ಬಾಲ್ದೂಚಿಗೆ ಟೋಪಿ ಎತ್ತಿ ನಮಸ್ಕಾರ ಮಾಡಿದ. ಬಾಲ್ದೂಚಿ ಪೆನ್ಸಿಲ್ ತೆಗೆದು ಅಂದಿನ ಮೊದಲ ಪದ ಬರೆದ.

ಜನಮತ ಬಿದ್ದುಹೋಯಿತು. ನೂರಕ್ಕೆ ನಲವತ್ತೊಂದು ಜನ ಮಾತ್ರ ಹೋಗಿದ್ದರು. ಸುಂಕವೂ ಉಳಿಯಿತು, ಲಾರಿಗಳೂ ಉಳಿದವು, ಎರ್ಸೀಲಿಯಾಳ ಕರಾರಿಗೆ ಮಾತ್ರ ಸಹಿ ಬೀಳಲಿಲ್ಲ. ನಮ್ಮ ಶಾಲೆಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ‘ಹೌದು’ ಇನ್ನೂರ ಹನ್ನೆರಡು, ‘ಬೇಡ’ ಒಂದು. ಊರೆಲ್ಲ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ.

ಉಲ್ದೆರೀಕೊ ಆ ಹಾಳೆಯನ್ನು ಕಿತ್ತುಕೊಂಡು ಅಂಗಡಿಗೆ ಬಂದ, ಹಿಂದೆಯೇ ಮಗಳು. ಹಾಳೆಯನ್ನು ಬಾಲ್ದೂಚಿಯ ಕಾಫಿಯ ಪಕ್ಕ ಹರಡಿ ಬೆರಳಿಟ್ಟು ತೋರಿಸಿದ.

“ಈ ಒಂದು ನಂದು ಸ್ವಾಮಿ. ನಿಮ್ಮ ಕಡೆಗೇ ಹಾಕಿದ್ದು.”

“ಗೊತ್ತು ತಾತ,” ಎಂದ ಬಾಲ್ದೂಚಿ, ಕಪ್ಪನ್ನು ಪಕ್ಕಕ್ಕೆ ಸರಿಸಿ. “ನಿಮ್ಮನ್ನ ಬಿಟ್ರೆ ಇನ್ಯಾರು ಅಷ್ಟು ಪೆದ್ರು? ಹೋಗ್ಬಾರ್ದಿತ್ತು, ಅಷ್ಟೇ.”

ಎರ್ಸೀಲಿಯಾ ಅಪ್ಪನ ತೋಳು ಹಿಡಿದು ಎಳೆದಳು. ಹೇಳಿದ ಮಾತು ಒಂದನ್ನಾದರೂ ಕೇಳಿದೆಯಾ ಎಂದು ಎಲ್ಲರ ಮುಂದೆ ಗದರಿದಳು. ಮುದುಕ ತೋಳು ಬಿಡಿಸಿಕೊಂಡ. ತಾನು ಕಣ್ಣು ಮುಚ್ಚಿಕೊಂಡು ಹೋದವನಲ್ಲ ಎಂದು ಮಗಳಿಗೆ ತಿಳಿಯಬೇಕಿತ್ತು, ಪಾಪ.

“ಕೇಳ್ಕೊಂಡೇ ಹೋದೆ ಕಣಮ್ಮಾ. ನಿನ್ನ ಗೇಟು ಉಳೀಲಿ ಅಂತ ಎಲ್ವಿಯೋನ ಕೇಳ್ದೆ. ಅವನು ಸರಿಯಾಗೇ ಹೇಳ್ಕೊಟ್ಟ, ಬೇಕಾದ್ರೆ ಅವನನ್ನೇ ಕೇಳು.”

ಅವಳು ನನ್ನ ಕಡೆ ತಿರುಗಿದಳು. ನಾನು ಒರೆಸಿದ್ದ ಲೋಟವನ್ನೇ ಮತ್ತೆ ಒರೆಸತೊಡಗಿದೆ.