ಮೊಯ್ದಿನ್ ಕುಂಞಿಯ ಮಣ್ಣು

“ಉಗುರಿನ ಸಂದಿ ಇನ್ನೂ ಕಪ್ಪು ಉಂಟು. ಬ್ರಶ್ ಹಾಕಿ ಉಜ್ಜು,” ಎಂದರು ಮುಝಮ್ಮಿಲ್ ಹಾಜಿ, ಬಾಗಿಲ ಹೊರಗೆ ನಿಂತುಕೊಂಡೇ. ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದರು.

ಒಳಗೆ ಕಲ್ಲಿನ ಮೇಲೆ ಮಲಗಿದ್ದ ಹೆಣ ಅವರ ಹೆಂಡತಿ ಹಬೀಬಾಳ ಅಣ್ಣ ಮೊಯ್ದಿನ್ ಕುಂಞಿಯದು. ಕೈ ಹಿಡಿದು ತಿಕ್ಕುತ್ತಿದ್ದವನು ಸುಡಾನಿನ ಇದ್ರೀಸ್, ಹಾಜಿಯ ತೋಟದಲ್ಲಿ ಹನ್ನೊಂದು ವರ್ಷ ಸತ್ತವನ ಜೊತೆಗೆ ದುಡಿದವನು. ನೀರು ಹೊಯ್ಯುತ್ತಿದ್ದವನು ಸತ್ತವನ ಇನ್ನೊಬ್ಬ ತಂಗಿಯ ಮಗ ಸರ್ಫರಾಝ್. ಮಯ್ಯತ್ತು ತೊಳೆಯುವುದು ಹತ್ತಿರದವರ ಹಕ್ಕು ಎನ್ನುತ್ತಾರೆ. ಆಸ್ಪತ್ರೆಯಿಂದ ಹಿಂದೆಯೇ ಬಂದಿದ್ದ ಹನ್ನೆರಡು ಹತ್ತಿರದವರಲ್ಲಿ ಒಬ್ಬನಿಗೂ ಆ ಹಕ್ಕು ಬೇಕಾಗಿರಲಿಲ್ಲ.

“ಹೋಗುವುದಿಲ್ಲ ಹಾಜಿ. ಚರ್ಮದೊಳಗೇ ಇಳಿದಿದೆ,” ಎಂದ ಸರ್ಫರಾಝ್.

“ಇಪ್ಪತ್ತು ವರ್ಷ ಸಗಣಿ ಕಲಸಿದ್ರೆ ಮತ್ತೆಂತ ಆಗ್ತದೆ? ಯಲ್ಲಾ, ಬೇಗ ಮುಗಿಸಿ. ಸಂಜೆ ಅಸರ್‌ಗೆ ನಮಾಜು.”

ಸರ್ಫರಾಝ್ ಬಾಗಿಲಿಗೆ ಬೆನ್ನು ತಿರುಗಿಸಿದ. ಮಾವನ ಮೈಯಿಂದ ಈಗ ಕರ್ಪೂರದ ವಾಸನೆ ಮಾತ್ರ ಬರುತ್ತಿತ್ತು. ಘಾಟು ಬಾಗಿಲ ಕಡೆಯ ಅತ್ತರಿನದು.

ಇದ್ರೀಸ್ ತಲೆ ಎತ್ತದೆ, ಹೊರಗೆ ಕೇಳದಷ್ಟು ಮೆಲ್ಲಗೆ, ಹರಕು ಹಿಂದಿಯಲ್ಲಿ ಕೇಳಿದ: “ಅಲಸಂಡೆ ಮಡಿಯ ವಿಷಯ ಹಾಜಿಯ ಹತ್ತಿರ ಮಾತಾಡಿದೆಯಾ? ಇನ್ನು ಇಪ್ಪತ್ತು ದಿನ ಮುಟ್ಟದಿದ್ದರೆ ಸಾಕು. ಕೋಡು ಒಣಗುತ್ತದೆ, ಬೀಜ ತೆಗೆದುಕೊಂಡು ಊರಿಗೆ ಹೋಗುತ್ತೇನೆ.”

“ಇವತ್ತು ಮಾತಾಡ್ತೇನೆ,” ಎಂದ ಸರ್ಫರಾಝ್.

ಹಾಜಿಯ ಗಾರ್ಡನ್ ಕಂಪೆನಿಯಲ್ಲಿ ಅವನು ಟೈಪಿಸ್ಟ್. ಆ ಮಡಿಯ ಮಣ್ಣನ್ನೆಲ್ಲ ಕೆರೆದು ದೋಹಾದ ಮುಐದರ್ ಬಡಾವಣೆಯ ತಮ್ಮ ಹೊಸ ವಿಲ್ಲಾದ ಲಾನಿಗೆ ಸಾಗಿಸಬೇಕೆಂದು ಹಾಜಿ ಕಳೆದ ವಾರವೇ ಹುಕುಂ ಹೊರಡಿಸಿದ್ದರು. ಮಾವ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಅದನ್ನು ಟೈಪ್ ಮಾಡಿ ಸಹಿಗೆ ಇಟ್ಟವನು ಸರ್ಫರಾಝ್. ತಡೆಯಲು ಇನ್ನೂ ಸಮಯವಿದೆ ಎಂದುಕೊಂಡು ಅವನು ಮತ್ತೊಂದು ಚೊಂಬು ನೀರು ಹೊಯ್ದ.

*

ಮೊಯ್ದಿನ್ ಕುಂಞಿ ಕತಾರಿಗೆ ಬಂದದ್ದು ಎಪ್ಪತ್ತೈದರಲ್ಲಿ. ತೋಟದ ಬೋರಿನ ನೀರು ಉಪ್ಪು. ಹಾಯಿಸಿದ ಮರುದಿನವೇ ನೆಲದ ಮೇಲೆ ಹಪ್ಪಳದಂಥ ಬಿಳಿ ಪದರ ಏಳುತ್ತಿತ್ತು. ಹತ್ತು ವರ್ಷ ಚೀಲಗಟ್ಟಲೆ ಗೊಬ್ಬರ ಸುರಿದ. ಗಿಡಗಳು ಎದ್ದಷ್ಟೇ ಬೇಗ ಸುಟ್ಟುಹೋದವು.

ಎಂಬತ್ತೈದರಲ್ಲಿ, ಕೊರ್ಡೊಫಾನಿನ ಬರದಿಂದ ತಪ್ಪಿಸಿಕೊಂಡು ಬಂದ ಇದ್ರೀಸ್ ಆ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ಉಗುಳಿದ.

“ನಮ್ಮಪ್ಪನ ಹೊಲವೂ ಹೀಗೇ ಆಯಿತು. ಗೋಂದಿನ ಮರ ಕಡಿದೆವು, ವರ್ಷವೂ ಬರೀ ಸಜ್ಜೆ ಬಿತ್ತಿದೆವು, ನಾವು ಉಂಡೆವು, ಮಣ್ಣಿಗೆ ಉಣಿಸಲಿಲ್ಲ. ಮೊದಲು ಹೊಲ ಸತ್ತಿತು. ಆಮೇಲೆ ಮನೆಯವರು.”

ಇಬ್ಬರೂ ಗುಂಡಿ ತೋಡಿದರು. ಆಡಿನ ಹಿಕ್ಕೆ, ಮೀನು ಮಾರ್ಕೆಟ್ಟಿನ ಕರುಳು, ಖರ್ಜೂರದ ಒಣಗರಿ ತುಂಬಿದರು. ಮಸೀದಿಯಲ್ಲಿ ಜನ ಕೈಕಾಲು ತೊಳೆದ ಸಿಹಿನೀರನ್ನು ಡ್ರಮ್ಮಿನಲ್ಲಿ ಹಿಡಿದು ತಂದು ಕುಡಿಸಿದರು. ಹನ್ನೊಂದು ವರ್ಷಕ್ಕೆ ಆದದ್ದು ಒಂದು ವಾಲಿಬಾಲ್ ಅಂಕಣದಷ್ಟು ಮಡಿ. ಆದರೆ ಅಲ್ಲಿ ಕೈ ಊರಿದರೆ ಮೊಣಕೈವರೆಗೆ ಇಳಿಯುತ್ತಿತ್ತು. ಬರದಲ್ಲಿ ಬೀಜವನ್ನೂ ಬೇಯಿಸಿ ತಿಂದ ಊರಿನಿಂದ ಇದ್ರೀಸನ ತಂಗಿ ಹೇಗೋ ಹುಡುಕಿ ಕಳಿಸಿದ್ದ ಹಳೆಯ ತಳಿಯ ಅಲಸಂಡೆ, ಒಂದೇ ಒಂದು ಹಿಡಿ, ಈ ಸಲ ಪೂರ್ತಿ ಅಲ್ಲಿ ಬಿತ್ತಿದ್ದರು.

ಶುಕ್ರವಾರ ಮೊಯ್ದಿನ್ ಕುಂಞಿ ತಂಗಿಯ ಮನೆಗೆ ಬಸಳೆ ಸೊಪ್ಪಿನ ಕಟ್ಟು ಹೊತ್ತು ಬರುತ್ತಿದ್ದ. ಬಸಳೆ ನೇರ ಅಡುಗೆಮನೆಗೆ ಹೋಗುತ್ತಿತ್ತು. ಅವನಿಗೆ ವರಾಂಡದ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಹಳೆಯ ಪೇಪರು.

“ಸೋಫಾಕ್ಕೆ ವಾಸನೆ ಹಿಡೀತದೆ ಅಣ್ಣ, ತಪ್ಪು ತಿಳ್ಕೊಬೇಡ,” ಎನ್ನುತ್ತಿದ್ದಳು ಹಬೀಬಾ.

ಅವನು ತಪ್ಪು ತಿಳಿದುಕೊಳ್ಳುತ್ತಿರಲಿಲ್ಲ. ಆ ಮನುಷ್ಯನ ದೊಡ್ಡ ದೋಷವೇ ಅದು. ಒಳಗೆ ಸೋಫಾದಲ್ಲಿ ಕುಳಿತ ಸರ್ಫರಾಝ್ ಬಸಳೆ ಸಾರಿನಲ್ಲಿ ಅನ್ನ ಕಲಸಿಕೊಂಡು ಉಣ್ಣುತ್ತಿದ್ದ.

*

ಖಬರಿನ ಸುತ್ತ ನಿಂತವರು ಒಬ್ಬೊಬ್ಬರಾಗಿ ಬಾಗಿ ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಇದ್ರೀಸನ ಸರದಿ ಬಂದಾಗ ಅವನು ಕಂಕುಳಲ್ಲಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದ. ಒಳಗೆ ಕರಿಮಣ್ಣು.

ಹಾಜಿ ಅವನ ಮಣಿಕಟ್ಟು ಹಿಡಿದರು. “ಎಂತದದು? ಗೊಬ್ಬರದ ಮಣ್ಣಾ? ನಜೀಸ್! ಸಗಣಿಯ ಹೊಲಸನ್ನು ಖಬರಿಗೆ ಹಾಕ್ಲಿಕ್ಕೆ ಉಂಟಾ?”

“ಅವನದೇ ಮಣ್ಣು,” ಎಂದ ಇದ್ರೀಸ್. “ನಮ್ಮ ಮಾಲಿಕಿ ಪಂಥದಲ್ಲಿ ಆಡಿನ ಹಿಕ್ಕೆ ಅಶುದ್ಧ ಅಲ್ಲ.”

ಖಬರಸ್ತಾನ ನೋಡಿಕೊಳ್ಳುವ ಮುದಿ ಅರಬ ಭುಜ ಕುಣಿಸಿದ. “ನಾವು ತಿನ್ನುವ ಪ್ರಾಣಿಯದು ತಾನೇ? ನಮ್ಮ ಮದ್ಹಬಿನಲ್ಲೂ ಅಡ್ಡಿಯಿಲ್ಲ. ಮಾಫಿ ಮುಶ್ಕಿಲ್.”

“ನಮ್ಮದು ಶಾಫಿ. ಮಯ್ಯತ್ತೂ ಶಾಫಿ. ನಮ್ಮಲ್ಲಿ ಸಗಣಿ ಎಲ್ಲ ನಜೀಸೇ. ಖಲಾಸ್!” ಎಂದರು ಹಾಜಿ.

ಬಂದವರೆಲ್ಲ ತಲೆಯಾಡಿಸಿದರು. ಶಾಸ್ತ್ರದಲ್ಲಿ ಇದ್ದದ್ದೇ ಹೌದು, ಹಾಜಿ ಸುಳ್ಳು ಹೇಳಿರಲಿಲ್ಲ.

ಇದ್ರೀಸ್ ಚೀಲ ಮಡಚಿದ. “ಹೊಲಸಾದರೆ ಆ ಮಡಿ ನಿಮಗೆ ಯಾಕೆ? ಇಪ್ಪತ್ತು ದಿನ ನನಗೆ ಬಿಡಿ.”

ಹನ್ನೆರಡು ಮಂದಿಯ ಎದುರು ಹಾಜಿ ರೆಪ್ಪೆಯನ್ನೂ ಮಿಟುಕಿಸಲಿಲ್ಲ. “ನನಗೆಂತಕ್ಕೆ ಆ ಹೇಸಿಗೆ? ನೀನೇ ಇಟ್ಟುಕೊ.”

ಆ ಹುಕುಂ ಟೈಪ್ ಮಾಡಿದ್ದ ಸರ್ಫರಾಝ್ ಕೈಗಂಟಿದ ಮಣ್ಣು ಒರೆಸಿಕೊಂಡ. ಒಂದು ಮಾತು ಸಾಕಿತ್ತು. ವೀಸಾ ಹಾಜಿಯದು, ರೂಮು ಹಾಜಿಯದು, ನಾಲಿಗೆಯೂ ಅವರದೇ ಆಗಿಬಿಟ್ಟಿತ್ತು. ಇದ್ರೀಸ್ ಎದೆಯ ಮೇಲೆ ಕೈಯಿಟ್ಟು ಹಾಜಿಗೆ ಶುಕ್ರನ್ ಹೇಳಿದ. ಅವನು ಸಮಾಧಾನದಿಂದ ತೋಟದ ಕಡೆಗೆ ಹೊರಟದ್ದನ್ನು ನೋಡಿ ಸರ್ಫರಾಝ್‌ಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

*

ಮುಐದರಿನ ವಿಲ್ಲಾದ ಅಂಗಳದಲ್ಲಿ, ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಮೊದಲು, ಸತ್ತವನಿಗಾಗಿ ದುಆ ಮುಗಿಸಿ ಜನ ಊಟಕ್ಕೆ ಕುಳಿತಿದ್ದರು. ಹಾಜಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಭಾವನ ಗುಣಗಾನ ಮಾಡುತ್ತಿದ್ದರು.

“ಪಾಪದ ಜನ. ಯಾರಿಗೂ ಬೇಡವಾದ ಕೆಲಸ ಮಾಡಿಕೊಂಡಿದ್ದ. ಅವನಿಗೆ ಸ್ವರ್ಗ ಉಂಟು.”

ಗೇಟಿನ ಹತ್ತಿರ ಹಾರ್ನ್ ಕೇಳಿತು. ಲಾರಿ ಹಿಂದಕ್ಕೆ ಬಂದು, ಶಾಮಿಯಾನದ ಪಕ್ಕದಲ್ಲೇ ಮಣ್ಣು ಸುರಿಯಿತು. ಕರಿಮಣ್ಣಿನೊಳಗೆ ಅಲಸಂಡೆಯ ಹಸಿರು ಬಳ್ಳಿಗಳು, ನೇರಳೆ ಹೂಗಳು, ಸಿಕ್ಕು ಬಿದ್ದ ಬೇರುಗಳು.

ಸರ್ಫರಾಝ್ ಎದ್ದು ಹೋದ. ಒಂದು ಕೋಡು ಸುಲಿದ. ಬೀಜ ಇನ್ನೂ ಎಳಸು, ಬೆರಳಿಗೆ ಸಿಕ್ಕಿ ನೀರಾಗಿ ಒಡೆಯಿತು. ಇನ್ನೊಂದು ಸುಲಿದ, ಮತ್ತೊಂದು ಸುಲಿದ. ಒಂದೂ ಮೊಳೆಯುವಂಥದ್ದಲ್ಲ.

ಹಾಜಿಯೂ ಬಂದರು. ಬಲಗೈಯನ್ನು ರಾಶಿಯೊಳಗೆ ತೂರಿ, ಹಿಡಿ ಮಣ್ಣು ತೆಗೆದು, ಹಿಸುಕಿ, ಕಣ್ಣು ಮುಚ್ಚಿ ಮೂಸಿದರು.

“ಎಂಥ ಮಣ್ಣು ನೋಡಿ! ದೋಹಾ ಇಡೀ ಹುಡುಕಿದ್ರೂ ಸಿಗ್ಲಿಕ್ಕಿಲ್ಲ. ಲಾನು ಒಂದೇ ತಿಂಗಳಲ್ಲಿ ಏಳ್ತದೆ.”

ತೃಪ್ತಿಯಿಂದ ಹಿಂದಿರುಗಿ ತಟ್ಟೆಯ ಮುಂದೆ ಕುಳಿತರು. ಬಿಸ್ಮಿ ಹೇಳಿ ಅದೇ ಕೈಯನ್ನು ತುಪ್ಪದನ್ನಕ್ಕೆ ಇಳಿಸಿದರು. ಬಿಳಿ ಅನ್ನ ಬೆರಳಿನ ಸುತ್ತ ಕಪ್ಪಾಯಿತು. ಖಬರಸ್ತಾನದಲ್ಲಿ ತಲೆಯಾಡಿಸಿದ್ದವರೆಲ್ಲ ನೋಡಿದರು. ನೋಡಿ ತಮ್ಮ ತಮ್ಮ ತಟ್ಟೆಗೆ ಬಾಗಿದರು.

“ಹಾಜಿ, ಕೈ ತೊಳೀಲಿಲ್ಲ ನೀವು,” ಎಂದ ಸರ್ಫರಾಝ್, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಹಾಜಿ ಕೈ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಬರೀ ಮಣ್ಣಲ್ವಾ ಮಾರಾಯ,” ಎಂದು ಬೆರಳು ನೆಕ್ಕಿಕೊಂಡರು.