ನಾಸ್ಟಾಲ್ಜಿಕ್ ಕುರ್ಚಿ

ಪೊರಕೆ ಮತ್ತೆ ಸಿಕ್ಕಿಕೊಂಡಿತು, ನೆಲದಲ್ಲಿ ನಾಲ್ಕು ತೂತು, ಬೋಲ್ಟ್ ಕಿತ್ತ ಜಾಗ, ತೂತಿನ ತುಂಬ ಗಿರಾಕಿಗಳ ಕೂದಲು — ಅಪ್ಪನ ಕುರ್ಚಿ ಇದ್ದದ್ದು ಇಲ್ಲೇ ಅಲ್ಲವೇ, ಮೂರು ಲೋಕದಲ್ಲಿ ಅಂಥದ್ದು ಇನ್ನೊಂದಿಲ್ಲ, ಒಮ್ಮೆ ತಿರುಗಿಸಿದರೆ ಬೀದಿಯೇ ಗಿರಗಿರ ಸುತ್ತುತ್ತಿತ್ತು, ಅದರಲ್ಲಿ ಕೂತ ಜಡ್ಜು ಎರಡು ದಿನ ನಿದ್ದೆ ಹೊಡೆದು ಕೋರ್ಟಿಗೇ ರಜೆ ಬಿದ್ದಿತ್ತು — ಸರಿ, ಎರಡು ದಿನವಲ್ಲ, ಅರ್ಧ ಗಂಟೆ, ಜಡ್ಜೂ ಅಲ್ಲ, ಗುಮಾಸ್ತ, ಆದರೆ ಗೊರಕೆ ಮಾತ್ರ ಜಡ್ಜಿನದೇ. ತುಕ್ಕು ಹಿಡಿದಿದೆ ಅಣ್ಣಾ, ರಿಪೇರಿ ಮಾಡಿಸ್ಕೊಂಡು ಬರ್ತೀನಿ, ಹದಿನೈದೇ ದಿನ, ಎಂದ ತಮ್ಮ, ಒಂದೇ ತಟ್ಟೆಯಲ್ಲಿ ಉಂಡವನು, ಮತ್ತು ಈ ಮಹಾ ಬುದ್ಧಿವಂತ ಕ್ಷೌರಿಕ ತಾನೇ ಸ್ಪ್ಯಾನರ್ ಹಿಡಿದು ಬಿಚ್ಚಿಕೊಟ್ಟ, ನಾಲ್ಕೂ ಬೋಲ್ಟನ್ನು, ಬೆವರು ಸುರಿಸಿಕೊಂಡು, ಪೆದ್ದ. ನಿನ್ನೆ ಹೊಸ ಕಾಫಿ ಅಂಗಡಿಯ ಗಾಜಿನಾಚೆ ಅದೇ ಕುರ್ಚಿ, ಪಳಪಳ, ಅದರಲ್ಲೊಬ್ಬಳು ಫೋಟೋ ತೆಗೆಸಿಕೊಳ್ಳುತ್ತ, ಎಷ್ಟು ನಾಸ್ಟಾಲ್ಜಿಕ್ ಅಲ್ವೇನೇ, ಎನ್ನುತ್ತ — ನಿನಗ್ಯಾವ ನೆನಪು ತಾಯಿ, ಹುಟ್ಟಿದ್ದೇ ಮೊನ್ನೆ! ಗೋಡೆಯ ಮೇಲೆ ಕಟ್ಟು ಹಾಕಿಸಿದ ಬರಹ, ಇದರಲ್ಲಿ ನ್ಯಾಯಾಧೀಶರು ಎರಡು ದಿನ ನಿದ್ರಿಸಿದ್ದರು, ಕೆಳಗೆ ತಮ್ಮನ ಹೆಸರು. ಅಣ್ಣನ ಸುಳ್ಳನ್ನೂ ಸೇರಿಸಿ ಮಾರಿದನಲ್ಲ, ಸುಳ್ಳು ಎಂದು ಕೂಗೋಣವೆಂದರೆ ಆ ಸುಳ್ಳನ್ನು ಹೆತ್ತವನು ತಾನೇ. ಫೋನಿನಲ್ಲಿ ತಮ್ಮ ನಗುತ್ತಾನೆ, ನಾಸ್ಟಾಲ್ಜಿಕ್ ಅಂದ್ರೆ ನೋಡಿದ ತಕ್ಷಣ ಹಳೇದೆಲ್ಲ ನೆನಪಾಗಿ ಎದೆ ತುಂಬಿ ಬರುತ್ತಲ್ಲ ಅಣ್ಣಾ, ಅಂಥ ಐಟಂ, ನಿನ್ ಅಂಗಡೀಲಿ ಸುಮ್ನೆ ಬಿದ್ದಿತ್ತು. ಬಿದ್ದಿತ್ತಂತೆ! ಆ ಕುರ್ಚಿಯ ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಅಪ್ಪ ಇವನನ್ನು ಕೂರಿಸಿದ ದಿನ, ಕತ್ತರಿ ಕಂಡು ಇವನು ಕಿರುಚಿದ ದಿನ, ಹಿಂದಿನಿಂದ ಗಟ್ಟಿಯಾಗಿ ಹಿಡ್ಕೊಳ್ಳೋ, ತಮ್ಮ ಬಿದ್ದುಬಿಟ್ಟಾನು, ಎಂದ ಅಪ್ಪ, ಅಣ್ಣ ಹಿಡಿದುಕೊಂಡ, ಕೈ ಜೋಮು ಹಿಡಿದರೂ ಬಿಡಲಿಲ್ಲ, ಇದಕ್ಕೆ ಮಾತ್ರ ಉಪ್ಪು ಖಾರ ಹಚ್ಚಿಲ್ಲ, ಯಾರಿಗೂ ಹೇಳಿಯೂ ಇಲ್ಲ — ಬಾಗಿಲಲ್ಲಿ ಕೆಮ್ಮು, ಅಪ್ಪನ ಕಾಲದ ಗಿರಾಕಿ ಮೇಷ್ಟ್ರು, ಏನಯ್ಯಾ, ಹದಿನೈದು ದಿನ ಆಯ್ತಲ್ಲ, ಎಲ್ಲಿ ನಮ್ಮ ಸಿಂಹಾಸನ? ಮ್ಯೂಸಿಯಂನವರು ಕಾಲು ಹಿಡಿದು ಬೇಡಿಕೊಂಡು ಒಯ್ದರು ಮೇಷ್ಟ್ರೇ, ಆನೆ ಮೇಲೆ, ಎನ್ನಬೇಕು, ನಾಲಗೆಯ ತುದಿಯಲ್ಲೇ ಇದೆ, ಬಾಯಿ ತೆರೆದೇ ಇದೆ, ಮೇಷ್ಟ್ರು ಕಾಯುತ್ತಿದ್ದಾರೆ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಡಬೇಕು, ನೆಲದಲ್ಲಿ ತೂತು, ಕೂದಲು, ತಾನೇ ಬಿಚ್ಚಿದ್ದು, ನಾಲ್ಕು ತೂತು —